ಸೊಂಟಕ್ಕೊಬ್ಬ ನೆಂಟ: ಬಳಕೆದಾರರ ಕೈಪಿಡಿ

(ಟೆಕ್ಸಾಸಿನಲ್ಲಿ ನೆಲೆಸಿರುವ, ಹಸಿರು ಕಾರ್ಡು ಕೈಗೆ ಬಂದಿರುವ, ನಡುವಯಸ್ಸಿನ, ನಡುವೂ ತುಸು ಬೆಳೆದಿರುವ ಕನ್ನಡಿಗರಿಗಾಗಿ)

ಮೊದಲ ಮಾತು

ಅಭಿನಂದನೆಗಳು. ಅಂಗೈಗಿಂತ ಕೊಂಚ ದೊಡ್ಡದಾದ, ಗುಂಡಿಲ್ಲದಾಗ ಹೆಚ್ಚುಕಡಿಮೆ ಅರ್ಧ ಕಿಲೋ ತೂಗುವ ಪಿಸ್ತೂಲೊಂದು ಈಗ ನಿಮ್ಮದಾಗಿದೆ. ಕಂಪನಿಯವರು ಪೆಟ್ಟಿಗೆಯೊಳಗೆ ಇಟ್ಟಿರುವ ಪುಸ್ತಕದಲ್ಲಿ ಬಹುಪಾಲು ಎಚ್ಚರಿಕೆಗಳೇ ಇವೆ. ಅದನ್ನು ತಪ್ಪದೆ ಓದಿ. ಆದರೆ ಪಂಚೆ ಉಟ್ಟಾಗ ಇದನ್ನು ಎಲ್ಲಿ ಸಿಕ್ಕಿಸಬೇಕು, ಊರಿಂದ ಬಂದ ತಾಯಿಗೆ ಏನೆಂದು ಹೇಳಬೇಕು, ಹಿರಿಯರ ಕಾಲಿಗೆ ಬಗ್ಗುವುದು ಹೇಗೆ ಎಂಬುದೆಲ್ಲ ಅದರಲ್ಲಿಲ್ಲ. ಆ ಕೊರತೆ ತುಂಬಲು ಮೂರು ತಿಂಗಳ ಅನುಭವವುಳ್ಳ ಕೈಪಿಡಿಕಾರ ಇದನ್ನು ಬರೆದಿದ್ದಾನೆ. ಮೂರು ತಿಂಗಳೂ ಒಂದು ಅನುಭವವೇ ಎಂದು ಕೇಳಬೇಡಿ. ಮದುವೆಯಾಗಿ ಮೂರು ತಿಂಗಳಿಗೇ ದಾಂಪತ್ಯದ ಬಗ್ಗೆ ಉಪದೇಶ ಮಾಡುವವರನ್ನು ನಾವು ಸಹಿಸಿಕೊಂಡಿಲ್ಲವೇ?

ಕೊಳ್ಳುವ ಮೊದಲು

ಎಚ್-1ಬಿ ವೀಸಾದವರು ಇಲ್ಲಿಗೇ ನಿಲ್ಲಬಹುದು. ತಾತ್ಕಾಲಿಕ ವೀಸಾದ ಮೇಲಿರುವವರು ಬಂದೂಕು ಇಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಒಂದು ಕಿಂಡಿ ಮಾತ್ರ ಇದೆ: ಯಾವುದಾದರೂ ರಾಜ್ಯದ ಬೇಟೆ ಪರವಾನಗಿ ಇದ್ದವರಿಗೆ ಆ ನಿಷೇಧ ತಟ್ಟುವುದಿಲ್ಲ. ಹೀಗಾಗಿ ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಒಡೆಯದ, ಜಾವಾ ಕೋಡು ಬರೆದು ಹೊಟ್ಟೆ ಹೊರೆಯುವ ಸಸ್ಯಾಹಾರಿಯೊಬ್ಬನ ಪರ್ಸಿನಲ್ಲಿ ಬೇಟೆಗಾರನ ಚೀಟಿ ಕಂಡರೆ ಗಾಬರಿಯಾಗಬೇಡಿ. ಅವನಿಂದ ಜಿಂಕೆಗಳಿಗೆ ಅಪಾಯವಿಲ್ಲ.

ಹಸಿರು ಕಾರ್ಡು ಬಂದವರು ಅಂಗಡಿಗೆ ಹೋಗಿ 4473 ಎಂಬ ಫಾರಂ ತುಂಬಬೇಕು. ಹೆಸರು, ಹುಟ್ಟಿದ ಊರು, ಎತ್ತರ, ತೂಕ, ಜನಾಂಗ. ಶಿಕ್ಷೆಯಾಗಿದೆಯೇ, ಮಾದಕ ವಸ್ತುವಿನ ಚಟವಿದೆಯೇ, ನಿಮಗಾಗಿಯೇ ಕೊಳ್ಳುತ್ತಿದ್ದೀರಾ ಇಲ್ಲ ಬೇರೆಯವರಿಗೋ? ತೂಕದ ಜಾಗದಲ್ಲಿ ಸುಳ್ಳು ಬರೆಯಬೇಡಿ, ಅದು ಸರ್ಕಾರಿ ದಾಖಲೆ. ಇನಿಷಿಯಲ್ ಬಿಡಿಸಿ ಬರೆಯುವಾಗ ಒಂದು ಅಕ್ಷರ ಊರಿನದು, ಇನ್ನೊಂದು ಅಪ್ಪನದು, ಕೊನೆಯದು ಮಾತ್ರ ನಿಮ್ಮದು ಎಂದು ಅಂಗಡಿಯವನಿಗೆ ವಿವರಿಸುವ ಉಸಾಬರಿ ಬೇಡ. ಆಮೇಲೆ ಅವನು ಕಂಪ್ಯೂಟರಿನಲ್ಲಿ ಎಫ್‌ಬಿಐ ತಪಾಸಣೆಗೆ ಕಳಿಸುತ್ತಾನೆ. 1998ರಿಂದ ನಡೆದುಬಂದ ಪದ್ಧತಿ. ಕೈಪಿಡಿಕಾರನಿಗೆ ಉತ್ತರ ಬರಲು ಹಿಡಿದ ಹೊತ್ತಿನಲ್ಲಿ ನಮ್ಮೂರಲ್ಲಿ ಒಂದು ಸಿಮ್ ಕಾರ್ಡೂ ಸಿಗುವುದಿಲ್ಲ.

ಆ ಫಾರಂ ಎಲ್ಲವನ್ನೂ ಕೇಳುತ್ತದೆ. ಏಕೆ ಬೇಕು ಎಂದು ಮಾತ್ರ ಕೇಳುವುದಿಲ್ಲ. ಭಾರತದಲ್ಲಿ ಪರವಾನಗಿಗೆ ಅರ್ಜಿ ಹಾಕಿದರೆ ಅದಕ್ಕೇ ಮೊದಲು ಕಾರಣ ಕೊಡಬೇಕು, ಪೊಲೀಸರ ವರದಿ ಬರಬೇಕು. ಇಲ್ಲಿ ಕೇಳದಿದ್ದರೂ ಕೈಪಿಡಿಕಾರ ಹೇಳಿಬಿಡುತ್ತಾನೆ. 2023ರ ಮೇ 6, ಶನಿವಾರ, ಡಲ್ಲಾಸ್ ಪಕ್ಕದ ಆಲೆನ್ ಊರಿನ ಔಟ್‌ಲೆಟ್ ಮಾಲಿನಲ್ಲಿ ಒಬ್ಬ ಬಂದೂಕುಧಾರಿ ಎಂಟು ಜನರನ್ನು ಕೊಂದ. ಸತ್ತವರಲ್ಲಿ ಹೈದರಾಬಾದಿನ ಕಡೆಯ ಒಬ್ಬ ಯುವ ಎಂಜಿನಿಯರ್ ಕೂಡ ಇದ್ದರು. ಅದಕ್ಕೆ ಹಿಂದಿನ ವಾರ ನನ್ನ ಹೆಂಡತಿ ಅಲ್ಲೇ ಮಗನಿಗೆ ಶೂ ಕೊಡಿಸಿದ್ದಳು. ಇಷ್ಟು ಹೇಳಿದರೆ ಕಾರಣ ಗಟ್ಟಿಯಾಗಿ ಕಾಣುತ್ತದೆ. ಆದರೆ ಪಿಸ್ತೂಲು ಕೊಂಡದ್ದು ಆಗ ಅಲ್ಲ. ಎರಡು ಬೀದಿ ಆಚೆಯ ತೆಲುಗರ ಮನೆಗೆ ಕನ್ನ ಬಿದ್ದು, ಮಗಳ ಮದುವೆಗೆಂದು ಇಟ್ಟಿದ್ದ ಅರ್ಧ ಕಿಲೋ ಚಿನ್ನ ಹೋಯಿತಲ್ಲ, ಅದರ ಮರುವಾರ. ಎಂಟು ಜೀವ ಮಾಡಿಸದ ಕೆಲಸವನ್ನು ಅರ್ಧ ಕಿಲೋ ಚಿನ್ನ ಮಾಡಿಸಿತು. ಇದನ್ನು ಕೈಪಿಡಿಯಲ್ಲಿ ಸೇರಿಸಬೇಕೋ ಬೇಡವೋ ಎಂದು ಬಹಳ ಯೋಚಿಸಿ ಸೇರಿಸಿದ್ದೇನೆ.

ಯಂತ್ರ ಪರಿಚಯ

ಮೊದಲೆಲ್ಲ ಸೊಂಟದಲ್ಲಿ ಅಡಗುವ ಸಣ್ಣ ಪಿಸ್ತೂಲಿನಲ್ಲಿ ಆರೇಳು ಗುಂಡು ಹಿಡಿದರೆ ಹೆಚ್ಚು. 2018ರಲ್ಲಿ ಸಿಗ್ ಸೌರ್ ಕಂಪನಿ ಪಿ365 ಎಂಬುದನ್ನು ತಂದು ಅಷ್ಟೇ ಗಾತ್ರದಲ್ಲಿ ಹತ್ತು ಗುಂಡು ಕೂರಿಸಿತು. ಒಳಗುಟ್ಟು ಇಷ್ಟೇ: ಮ್ಯಾಗಜೀನಿನಲ್ಲಿ ಗುಂಡುಗಳನ್ನು ನೆಟ್ಟಗೆ ಒಂದರ ಮೇಲೊಂದು ಪೇರಿಸುವ ಬದಲು ಒಂದು ಎಡಕ್ಕೆ, ಒಂದು ಬಲಕ್ಕೆ ಚೂರು ಒತ್ತರಿಸಿ ಕೂರಿಸುವುದು. ಕೆಂಪು ಬಸ್ಸಿನ ಕಂಡಕ್ಟರು 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎಂದು ಮೂವರ ಸೀಟಿನಲ್ಲಿ ನಾಲ್ವರನ್ನು ತುರುಕಿದ ಹಾಗೆ. ಮರುವರ್ಷವೇ ಇನ್ನೊಂದು ಕಂಪನಿ ಅಷ್ಟೇ ಜಾಗದಲ್ಲಿ ಹನ್ನೊಂದು ಹಿಡಿಸಿತು. ಹೆಸರಿನಲ್ಲಿರುವ 365 ವರ್ಷದ ದಿನಗಳು. ಒಂದು ದಿನವೂ ರಜೆ ಹಾಕದೆ ಸಿಕ್ಕಿಸಿಕೊಳ್ಳಿ ಎಂದು ಅರ್ಥ. ನಿಮ್ಮದೂ ನನ್ನದೂ ಆ ಜಾತಿಯವೇ.

ಸಣ್ಣದು, ಹಾಗಾಗಿ ಸುಲಭ ಎಂದುಕೊಂಡಿದ್ದರೆ ಸೂಜಿಮೆಣಸಿನಕಾಯಿಯನ್ನು ನೆನಪಿಸಿಕೊಳ್ಳಿ. ಪಿಸ್ತೂಲು ಹಗುರವಾದಷ್ಟೂ ಅದರ ಒದೆತ ಹೆಚ್ಚು, ಏಕೆಂದರೆ ಆ ಪೆಟ್ಟನ್ನು ನುಂಗಿಕೊಳ್ಳಲು ಅದಕ್ಕೆ ಮೈಯೇ ಇಲ್ಲ. ಹಿಡಿ ಗಿಡ್ಡ, ಕಿರುಬೆರಳು ಬಸ್ಸಿನ ಬಾಗಿಲಲ್ಲಿ ನೇತಾಡುವ ಹುಡುಗನಂತೆ ಗಾಳಿಯಲ್ಲಿ ತೂಗಾಡುತ್ತದೆ. ನಳಿಗೆ ಮೂರು ಇಂಚಿಗೆ ಒಂದೆಳೆ ಹೆಚ್ಚು, ಗುರಿಯಲ್ಲಿ ಕೂದಲೆಳೆ ತಪ್ಪಿದರೂ ಆಚೆ ತುದಿಯಲ್ಲಿ ಅದು ಗೇಣಾಗುತ್ತದೆ. ಇನ್ನು ಮ್ಯಾಗಜೀನಿಗೆ ಗುಂಡು ತುಂಬುವುದು. ಆರನೆಯದರವರೆಗೆ ನಗುನಗುತ್ತಾ ತುಂಬುತ್ತೀರಿ. ಎಂಟನೆಯದಕ್ಕೆ ಹೆಬ್ಬೆರಳು ಕೆಂಪಗಾಗುತ್ತದೆ. ಹತ್ತನೆಯದನ್ನು ಬರಿಗೈಯಲ್ಲಿ ತುಂಬಲು ನನ್ನಿಂದ ಇವತ್ತಿಗೂ ಆಗಿಲ್ಲ. ಅದಕ್ಕೆಂದೇ ಒಂದು ಪ್ಲಾಸ್ಟಿಕ್ ಸಾಧನ ಮಾರುತ್ತಾರೆ. ತೆಂಗಿನಕಾಯಿ ಸುಲಿಯಲು ಯಂತ್ರ ಕೊಂಡವರನ್ನು ನಮ್ಮಪ್ಪ ಹೇಗೆ ನೋಡುತ್ತಿದ್ದರೋ, ಅಂಗಡಿಯ ಮುದುಕ ನನ್ನನ್ನು ಹಾಗೇ ನೋಡಿದ.

ಧರಿಸುವ ವಿಧಾನ

ಈ ವಿದ್ಯೆಯಲ್ಲಿ ನಿಪುಣರಾದವರನ್ನು ನಾನು ಕಂಡದ್ದು ಟೆಕ್ಸಾಸಿನಲ್ಲಲ್ಲ, ಹಾಸನ ಜಿಲ್ಲೆಯ ನಮ್ಮ ಹಟ್ಟಿಯಲ್ಲಿ. ನಮ್ಮಜ್ಜಿ ಎಲೆಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಅದರಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಹೊಗೆಸೊಪ್ಪು, ನಾಲ್ಕಾಗಿ ಮಡಚಿದ ನೋಟುಗಳು, ಪೆಟ್ಟಿಗೆಯ ಬೀಗದಕೈ. ನಾಟಿ ಹಾಕಲು ಬಗ್ಗಿದರೂ, ಬಸ್ಸಿಗೆ ಹತ್ತಿದರೂ, ನನ್ನನ್ನು ಎತ್ತಿ ಕಂಕುಳಿಗೆ ಹಾಕಿಕೊಂಡರೂ ಆ ಸಂಚಿ ಎಲ್ಲಿದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಬೇಕೆಂದಾಗ ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಕೈಗೆ ಬರುತ್ತಿತ್ತು. ಅಜ್ಜಿ ಯಾವ ತರಗತಿಗೂ ಹೋಗಿರಲಿಲ್ಲ, ಐವತ್ತು ಡಾಲರಿನ ಬೆಲ್ಟನ್ನೂ ಕೊಂಡಿರಲಿಲ್ಲ.

ನೀವು ಕೊಳ್ಳಲೇಬೇಕು. ಸಾಮಾನ್ಯ ಬೆಲ್ಟಿಗೆ ಸಿಕ್ಕಿಸಿದರೆ ಪಿಸ್ತೂಲು ಪ್ಯಾಂಟನ್ನೂ ಕರೆದುಕೊಂಡು ಕೆಳಗಿಳಿಯುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್‌ಸ್ಟರ್ ಅಗತ್ಯ, ಟ್ರಿಗರನ್ನು ಪೂರ್ತಿ ಮುಚ್ಚುವಂಥದ್ದು. ಇದರಲ್ಲಿ ಮಾತ್ರ ಜಿಪುಣತನ ತೋರಿಸಬೇಡಿ. ಬಟ್ಟೆಯ ಚೀಲದಲ್ಲೋ ಬರೀ ಜೇಬಿನಲ್ಲೋ ಇಟ್ಟುಕೊಳ್ಳುವುದು ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ. ಕೊಂಡ ಮೊದಲನೆಯ ಹೋಲ್‌ಸ್ಟರ್ ಚುಚ್ಚುತ್ತದೆ, ಎರಡನೆಯದು ಜಾರುತ್ತದೆ, ಮೂರನೆಯದು ಪರವಾಗಿಲ್ಲ ಅನಿಸುತ್ತದೆ. ಬೇಡವಾದ ಹೋಲ್‌ಸ್ಟರುಗಳಿಗೆಂದೇ ಪ್ರತಿ ಮಾಲೀಕನ ಮನೆಯಲ್ಲೂ ಒಂದು ಡ್ರಾಯರು ಇರುತ್ತದೆಯಂತೆ. ನನ್ನದರಲ್ಲಿ ಈಗಾಗಲೇ ನಾಲ್ಕಿವೆ.

ಎಲ್ಲಿ ಸಿಕ್ಕಿಸಬೇಕು? ಹೊಕ್ಕುಳಿನ ಬಲಕ್ಕೆ, ಮುಂಭಾಗದಲ್ಲಿ ಎನ್ನುತ್ತಾರೆ ಹೊಸ ತಲೆಮಾರಿನವರು. ಅದು ಹೊಟ್ಟೆ ಇಲ್ಲದವರ ಸಿದ್ಧಾಂತ. ಅನ್ನ ಸಾರು ಉಂಡು ಬೆಳೆದ ಹೊಟ್ಟೆಗೂ ಸ್ಟೀರಿಂಗಿಗೂ ನಡುವೆ ಕಬ್ಬಿಣ ಬಂದರೆ ಏನಾಗುತ್ತದೆಂದು ಐದು ಮೈಲಿ ಕಾರು ಓಡಿಸಿದರೆ ತಿಳಿಯುತ್ತದೆ. ನಾನು ಬಲಗಡೆಯ ಸೊಂಟದ ಹಿಂಬದಿಗೆ ಸರಿಸಿಕೊಂಡೆ. ಈಗ ಶೂ ಲೇಸು ಕಟ್ಟಲು ಬಗ್ಗಿದರೆ ಅಂಗಿಯ ಕೆಳಗೆ ಹಿಡಿಯ ಆಕಾರ ಮೂಡುತ್ತದೆ. ಇದಕ್ಕೆ ಇಲ್ಲಿಯವರು 'ಪ್ರಿಂಟಿಂಗ್' ಎನ್ನುತ್ತಾರೆ, ಅಂದರೆ ಅಚ್ಚಾಗುವುದು. ಪರಿಹಾರ: ಸೊಂಟದಿಂದ ಬಗ್ಗಬೇಡಿ, ಮಂಡಿಯಿಂದ ಕೂರಿ. ನೆಲಕ್ಕೆ ಬಿದ್ದ ನಾಣ್ಯವನ್ನು ರಾಜಕುಮಾರಿಯ ಹಾಗೆ ಎತ್ತಿಕೊಳ್ಳಿ. ಹಿರಿಯರ ಕಾಲಿಗೆ ಬೀಳುವಾಗಲೂ ಇದೇ ಕ್ರಮ. ಸಾಷ್ಟಾಂಗ ಸಾಧ್ಯವಿಲ್ಲ. ಜುಬ್ಬ ಇದಕ್ಕೆಂದೇ ಹೊಲಿದಂತಿದೆ. ಅದರ ಕೆಳಗೆ ಪಿಸ್ತೂಲಲ್ಲ, ಫಿರಂಗಿ ಇಟ್ಟರೂ ಕಾಣದು. ಪಂಚೆಯ ವಿಷಯದಲ್ಲಿ ನಾನು ಮಾಡಿದ ಪ್ರಯೋಗವನ್ನು ಹೆಂಡತಿಯ ಕೋರಿಕೆಯ ಮೇರೆಗೆ ಇಲ್ಲಿ ಬಿಟ್ಟಿದ್ದೇನೆ.

ಇಷ್ಟೆಲ್ಲ ಆದ ಮೇಲೂ ಉಳಿಯುವ ದೋಷವೊಂದಿದೆ. ಅದು ಯಂತ್ರದ್ದಲ್ಲ, ಕೈಯದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಲ್ಲ, ಅವನೇ ನೀವು. ಹೆಗಲ ಬದಲು ಸೊಂಟ. ಹಾಲಿನ ಸಾಲಿನಲ್ಲಿ ಮುಟ್ಟಿ ನೋಡುತ್ತೀರಿ, ಕಾರಿನಿಂದಿಳಿದು ಮುಟ್ಟಿ ನೋಡುತ್ತೀರಿ, ಯಾರಾದರೂ ನಿಮ್ಮನ್ನು ಎರಡು ಸಲ ನೋಡಿದರೆ ಮೂರು ಸಲ ಮುಟ್ಟಿ ನೋಡುತ್ತೀರಿ. ಗುಂಡು ಹೊಡೆಯಲು ನಮಗೆ ಕಲಿಸಿದ ಅರವತ್ತು ದಾಟಿದ ಹೆಂಗಸು ಮೊದಲ ದಿನವೇ ಹೇಳಿದ್ದರು: ನಿನ್ನ ಬಳಿ ಪಿಸ್ತೂಲಿದೆ ಎಂದು ಜಗತ್ತಿಗೆ ಸಾರುವುದು ಅದರ ಉಬ್ಬಲ್ಲ, ನಿನ್ನ ಕೈ. ನಾನು ತಲೆಯಾಡಿಸಿದೆ. ಆಡಿಸುತ್ತಲೇ ಮುಟ್ಟಿ ನೋಡಿಕೊಂಡೆ.

ಎಲ್ಲೆಲ್ಲಿ ಧರಿಸಬಹುದು

2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸಿನಲ್ಲಿ 21 ವರ್ಷ ದಾಟಿದ, ಕಾನೂನಿನ ಅಡ್ಡಿಯಿಲ್ಲದ ಯಾರಾದರೂ ಪರವಾನಗಿಯೇ ಇಲ್ಲದೆ ಕೈಬಂದೂಕು ಸಿಕ್ಕಿಸಿಕೊಂಡು ತಿರುಗಬಹುದು. ಆದರೂ ನಾನು 40 ಡಾಲರು ಕಟ್ಟಿ ಪರವಾನಗಿ ಮಾಡಿಸಿದೆ. ಸರ್ಕಾರಿ ಮೊಹರು ಇಲ್ಲದ ಯಾವುದನ್ನೂ ಇಟ್ಟುಕೊಂಡು ನಮಗೆ ಅಭ್ಯಾಸವಿಲ್ಲ. ಪರೀಕ್ಷೆಯಲ್ಲಿ ಮೂರು, ಏಳು, ಹದಿನೈದು ಗಜದಿಂದ ಒಟ್ಟು 50 ಗುಂಡು. 250 ಅಂಕಕ್ಕೆ 175 ಬಂದರೆ ಪಾಸು. ನನಗೆ ಎಷ್ಟು ಬಂತೆಂದು ಕೇಳಬೇಡಿ. ಪಾಸು.

ಈಗ ನಿಮ್ಮ ದಿನಚರಿಯನ್ನು ನೋಡೋಣ. ಆಫೀಸು: ಕಂಪನಿಯ ನಿಯಮ, ಇಲ್ಲ. ಮಗನ ಶಾಲೆಯ ಒಳಗೆ: ಇಲ್ಲ. ಅಂಚೆ ಕಚೇರಿ: ಇಲ್ಲ, ಅದರ ಕಾರು ನಿಲ್ಲಿಸುವ ಜಾಗದಲ್ಲೂ ಇಲ್ಲ. ಮತಗಟ್ಟೆ, ನ್ಯಾಯಾಲಯ: ಇಲ್ಲ. ವರಮಾನದಲ್ಲಿ ಅರ್ಧಕ್ಕಿಂತ ಹೆಚ್ಚು ಮದ್ಯದಿಂದಲೇ ಬರುವ ಬಾರಿನ ಬಾಗಿಲಲ್ಲಿ ಕೆಂಪು ಅಕ್ಷರದಲ್ಲಿ 51% ಎಂದಿರುತ್ತದೆ, ಅಲ್ಲೂ ಇಲ್ಲ. ಇನ್ನು ಯಾವ ಖಾಸಗಿ ಜಾಗದವರೂ 30.06 ಎಂಬ ಫಲಕ ಹಾಕಿ ತಡೆಯಬಹುದು. ಅಕ್ಷರ ಒಂದು ಇಂಚಾದರೂ ಎತ್ತರ ಇರಬೇಕು, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇರಬೇಕು. ಕನ್ನಡದಲ್ಲಿ ಇರಲಿಲ್ಲ ಸ್ವಾಮಿ ಎಂಬ ನೆಪ ನಡೆಯುವುದಿಲ್ಲ. ನಾವು ಹೋಗುವ ದೇವಸ್ಥಾನದಲ್ಲಿ ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲೇ ಆ ಫಲಕವಿದೆ. ಚಪ್ಪಲಿಗೆ ಗೂಡುಗಳಿವೆ.

ಕೂಡಿ ಕಳೆದ ಮೇಲೆ ಉಳಿದದ್ದು ದಿನಸಿ ಅಂಗಡಿ. ಕಳೆದ ಮೂರು ತಿಂಗಳಲ್ಲಿ ಹತ್ತು ಗುಂಡು ತುಂಬಿದ ಪಿಸ್ತೂಲಿನ ರಕ್ಷಣೆಯಲ್ಲಿ ನಾನು ಮನೆಗೆ ಸುರಕ್ಷಿತವಾಗಿ ತಂದದ್ದು ಕೊತ್ತಂಬರಿ ಸೊಪ್ಪು, ಕರಿಬೇವು, ಎರಡು ಮೂಟೆ ಸೋನಾಮಸೂರಿ.

ಅಭ್ಯಾಸ

ಗುಂಡು ಹಾರಿಸುವ ಅಂಗಳದಲ್ಲಿ ಮೊದಲು ತಿಳಿಯುವುದು ಸದ್ದು. ಸುಮಾರು 160 ಡೆಸಿಬೆಲ್. ಕಿವಿ ಮುಚ್ಚಿಕೊಂಡಿದ್ದರೂ ಎದೆಗೆ ತಾಗುತ್ತದೆ. ನಾನು ಗುರಿಹಾಳೆಯ ನಟ್ಟನಡುವಿಗೆ ಗುರಿಯಿಟ್ಟೆ. ತೂತುಗಳೆಲ್ಲ ಕೆಳಗೆ, ಎಡಕ್ಕೆ. ಪಿಸ್ತೂಲಿನ ಗುರಿಕಣ್ಣೇ ವಾರೆಯಾಗಿದೆ ಎಂದೆ. ಕಲಿಸುವವರು ಏನೂ ಹೇಳದೆ ನನ್ನ ಮ್ಯಾಗಜೀನಿನಲ್ಲಿ ಒಂದು ಹುಸಿ ಗುಂಡು ಸೇರಿಸಿ ಕೊಟ್ಟರು. ಮೂರನೆಯ ಸಲ ಟ್ರಿಗರ್ ಎಳೆದಾಗ ಸದ್ದು ಬರಲಿಲ್ಲ. ಆದರೂ ನನ್ನ ಕೈ ಒದೆತವನ್ನು ತಡೆಯಲು ಮುಂಚೆಯೇ ಕೆಳಕ್ಕೆ ಕುಸಿದದ್ದು ಎಲ್ಲರಿಗೂ ಕಂಡಿತು. ಹೆದರಿಕೆಯ ಎಕ್ಸ್‌ರೇ ಅಂತ ಇದ್ದರೆ ಅದೇ. ಬಲಗೈಯವರು ಬೆಚ್ಚಿ ಟ್ರಿಗರ್ ಜಗ್ಗಿದರೆ ಗುಂಡು ಕೆಳಗೆ ಎಡಕ್ಕೇ ಹೋಗುತ್ತದಂತೆ.

ಪಿಸ್ತೂಲಿನ ಪರವಾಗಿ ವಾದಿಸುವವರು ಇಲ್ಲಿ ಒಂದು ಪ್ರಸಂಗವನ್ನು ತಪ್ಪದೆ ಹೇಳುತ್ತಾರೆ. 2019ರ ಡಿಸೆಂಬರ್ 29ರಂದು ಫೋರ್ಟ್ ವರ್ತ್ ಹತ್ತಿರದ ವೈಟ್ ಸೆಟ್ಲ್‌ಮೆಂಟ್ ಎಂಬ ಊರಿನ ಚರ್ಚಿನಲ್ಲಿ ಒಬ್ಬ ಎದ್ದು ಗುಂಡು ಹಾರಿಸಿ ಇಬ್ಬರನ್ನು ಕೊಂದ. ಆರು ಸೆಕೆಂಡಿನೊಳಗೆ ಚರ್ಚಿನ ಸ್ವಯಂಸೇವಕರೊಬ್ಬರು ಒಂದೇ ಗುಂಡಿಗೆ ಅವನನ್ನು ಕೆಡವಿದರು. ನಿಜ. ಆ ಸ್ವಯಂಸೇವಕರು ಹಿಂದೆ ಪೊಲೀಸ್ ಮೀಸಲು ದಳದಲ್ಲಿದ್ದವರು, ಸ್ವಂತ ಶೂಟಿಂಗ್ ಅಂಗಳ ಇಟ್ಟುಕೊಂಡು ಇತರರಿಗೆ ಕಲಿಸುತ್ತಿದ್ದವರು. ನಾನು ತಿಂಗಳಿಗೆ ಒಂದು ಡಬ್ಬಿ, 50 ಗುಂಡು. ಆರು ಸೆಕೆಂಡಿನಲ್ಲಿ ನನ್ನ ಕೈ ಜುಬ್ಬದ ಅಂಚನ್ನು ಹುಡುಕಿರುತ್ತದೆ, ಅಷ್ಟೆ.

ಮನೆಗೆ ಬಂದ ಮೇಲೆ: ಗುಂಡಿನ ಹೊಗೆಯಲ್ಲಿ ಸೀಸವಿರುತ್ತದೆ. ಕೈ, ಮುಖ, ಮುಂಗೈ ತಣ್ಣೀರಿನಲ್ಲಿ ತೊಳೆಯಬೇಕು. ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ತೊಳೆಯುವವರೆಗೆ ಊಟ ಮುಟ್ಟಬಾರದು, ಮಕ್ಕಳನ್ನು ಎತ್ತಿಕೊಳ್ಳಬಾರದು. ಇದನ್ನು ಓದಿದಾಗ ಎಲ್ಲೋ ಕೇಳಿದ್ದೇನಲ್ಲ ಅನಿಸಿತು. ನಮ್ಮಮ್ಮನ ಮಡಿ-ಮೈಲಿಗೆಯ ನಿಯಮಾವಳಿ, ಒಂದಕ್ಷರ ಬಿಡದೆ. ಐವತ್ತು ವರ್ಷ ನಾನು ಅಮ್ಮನೊಡನೆ ಜಗಳವಾಡಿಕೊಂಡು ಬಂದ ವಿಷಯಕ್ಕೆ ಅಮೆರಿಕದ ಬಂದೂಕು ಅಂಗಡಿಯವರು ಅವಳ ಪಕ್ಷ ವಹಿಸಿದರು.

ಪ್ರಯಾಣ

ಅಮೆರಿಕದ ಒಳಗೆ ವಿಮಾನದಲ್ಲಿ ಒಯ್ಯುವುದಾದರೆ ಗುಂಡು ತೆಗೆದು, ಗಟ್ಟಿ ಪೆಟ್ಟಿಗೆಯಲ್ಲಿ ಬೀಗ ಹಾಕಿ, ವಿಮಾನ ಕಂಪನಿಯವರಿಗೆ ಹೇಳಿ, ಸಾಮಾನಿನ ಜೊತೆ ಕಳಿಸಬೇಕು. ಕೈಚೀಲದಲ್ಲಿ ಮರೆತು ಬರುವವರು ಎಷ್ಟು ಜನ ಗೊತ್ತೇ? 2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಸಿಕ್ಕ ಬಂದೂಕುಗಳು 6,737. ಹೆಚ್ಚಿನವು ಗುಂಡು ತುಂಬಿದ್ದವು. ಅಟ್ಲಾಂಟಾ ಮೊದಲ ಸ್ಥಾನ, ನಮ್ಮ ಡಲ್ಲಾಸ್ ಎರಡನೆಯದು. ಊರಿಗೆ ಹೋಗುವವರಿಗೆ ಬೇರೆಯೇ ಮಾತು. ಪಿಸ್ತೂಲನ್ನು ಯಾರೂ ಮರೆತು ಒಯ್ಯುವುದಿಲ್ಲ. ಆದರೆ ಅಭ್ಯಾಸಕ್ಕೆ ಒಯ್ದ ಚೀಲದ ಮೂಲೆಯಲ್ಲಿ ಒಂದೇ ಒಂದು ಕಾಡತೂಸು ಉಳಿದಿದ್ದರೆ ಸಾಕು, ಭಾರತದ ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ. ಗೊತ್ತಿದ್ದು ಇಟ್ಟುಕೊಂಡದ್ದಲ್ಲ ಎಂದು ಹೈಕೋರ್ಟಿನಲ್ಲಿ ಬಿಡುಗಡೆ ಪಡೆದವರಿದ್ದಾರೆ. ಅಷ್ಟರಲ್ಲಿ ತಂಗಿಯ ಮದುವೆ ಮುಗಿದಿರುತ್ತದೆ. ಚೀಲಗಳನ್ನು ಬೇರೆಬೇರೆ ಇಟ್ಟುಕೊಳ್ಳಿ.

ಇಡುವ ಜಾಗ

ಹದಿನೇಳು ವರ್ಷದೊಳಗಿನ ಮಕ್ಕಳ ಕೈಗೆ ಗುಂಡು ತುಂಬಿದ ಬಂದೂಕು ಸಿಗುವಂತೆ ಬಿಡುವುದು ಟೆಕ್ಸಾಸಿನಲ್ಲಿ ಅಪರಾಧ. ಬೆರಳಚ್ಚಿನ ತಿಜೋರಿ ಕೊಳ್ಳಿ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830. ಅವರಲ್ಲಿ 26,328 ಜನ ಸತ್ತದ್ದು ತಮ್ಮ ಕೈಯಿಂದಲೇ. ಕನ್ನ ಹಾಕುವವನನ್ನು ನೆನೆದು ಬೀಗ ಹಾಕುವ ಮನೆಯಲ್ಲಿ ಆ ಬೀಗ ನಿಜಕ್ಕೂ ಬೇಕಿರುವುದು ಒಳಗಿನವರಿಗೆ. ಅವರಲ್ಲಿ ನಾನೂ ಸೇರಿದ್ದೇನೆ. ಹಾಗಾಗಿ ತಿಜೋರಿ ತೆರೆಯುವ ಸಂಖ್ಯೆ ಹೆಂಡತಿಗೂ ಗೊತ್ತು, ಬೇಕೆನಿಸಿದ ದಿನ ನನಗೆ ಹೇಳದೆ ಅದನ್ನು ಬದಲಾಯಿಸಿ ನನ್ನ ಬೆರಳಚ್ಚನ್ನೂ ಅಳಿಸಿಬಿಡು ಎಂದೂ ಹೇಳಿದ್ದೇನೆ. ಈ ಭಾಗದಲ್ಲಿ ಹಾಸ್ಯ ಮಾಡಲು ನನಗೆ ಬಾಯಿ ಬರಲಿಲ್ಲ.

ಶುಚಿಗೊಳಿಸುವುದು

ತಿಂಗಳಿಗೊಮ್ಮೆ. ಬ್ರಷ್, ಬಟ್ಟೆಚೂರು, ಎರಡು ಹನಿ ಎಣ್ಣೆ. ಕುಂಕುಮ ಅಂಟಿದ್ದರೆ ಮುಂದಿನ ಭಾಗ ನೋಡಿ.

ವಿಶೇಷ ಸಂದರ್ಭ: ಆಯುಧ ಪೂಜೆ

ಸೆಪ್ಟೆಂಬರಿನಲ್ಲಿ ಅಮ್ಮ ಬಂದಳು. ಬಟ್ಟೆಯ ಕಪಾಟಿನಲ್ಲಿದ್ದ ತಿಜೋರಿ ಎರಡನೆಯ ದಿನವೇ ಅವಳ ಕಣ್ಣಿಗೆ ಬಿತ್ತು. "ಒಡವೆ ಪೆಟ್ಟಿಗೆನೇನೋ?" ಎಂದಳು. ಆಫೀಸಿನ ಕಾಗದ ಎಂದೆ. "ಕಾಗದಕ್ಕೆ ಬೆರಳು ಯಾಕೋ ಒತ್ಬೇಕು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು. ಮೂರು ವಾರ ಬಚ್ಚಿಟ್ಟೆ. ಅಮೆರಿಕದ ಅಂಗಡಿಗಳಲ್ಲಿ ಸಾವಿರ ಜನರ ಕಣ್ಣು ತಪ್ಪಿಸಿದ್ದು ಅಮ್ಮನ ಮುಂದೆ ನಡೆಯಲಿಲ್ಲ. ಆಯುಧ ಪೂಜೆಯ ಹಿಂದಿನ ರಾತ್ರಿ ಹೆಂಡತಿ ಹೇಳಿಬಿಟ್ಟಳು.

ಬೈಗುಳಕ್ಕೆ ಸಿದ್ಧನಾಗಿ ಗ್ಯಾರೇಜಿಗೆ ಬಂದೆ. ಎರಡು ಕಾರು, ಹುಲ್ಲು ಕತ್ತರಿಸುವ ಯಂತ್ರ, ಮಿಕ್ಸಿ, ಮಗನ ಸೈಕಲ್ಲು, ನನ್ನ ಲ್ಯಾಪ್‌ಟಾಪು ಎಲ್ಲ ಸಾಲಾಗಿ ನಿಂತು ಚೆಂಡುಹೂವು ಮುಡಿದಿದ್ದವು. ಅಮ್ಮ ಒಂದು ಸ್ಟೀಲ್ ತಟ್ಟೆಯನ್ನು ಖಾಲಿ ಇಟ್ಟುಕೊಂಡು ಕೂತಿದ್ದಳು.

"ತಗೊಂಬಾ ಅದನ್ನ."

"ಯಾವುದಮ್ಮಾ?"

"ಮಿಕ್ಸಿಗೆ ಮಾಡ್ತೀವಿ, ಕಾರಿಗೆ ಮಾಡ್ತೀವಿ, ಆ ನಿನ್ ಲ್ಯಾಪ್‌ಟಾಪಿಗೂ ಮಾಡ್ತೀವಿ. ಆಯುಧ ಪೂಜೆ ದಿವ್ಸ ಆಯುಧವೇ ಬೀರು ಒಳಗಿದ್ರೆ ಹೆಂಗೋ?"

ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಮಚ್ಚು, ಕುಡುಗೋಲು, ನೇಗಿಲು, ಹೊಲಿಗೆ ಯಂತ್ರ ಎಲ್ಲಕ್ಕೂ ಪೂಜೆ ನಡೆದಿದೆ. ಹೆಸರಿಗೆ ತಕ್ಕ ಆಯುಧ ಬಂದದ್ದು ಇದೇ ಮೊದಲು. ತಂದೆ. ಮ್ಯಾಗಜೀನು ತೆಗೆದೆ, ಸ್ಲೈಡ್ ಹಿಂದಕ್ಕೆ ಎಳೆದು ನಿಲ್ಲಿಸಿದೆ, ನಳಿಗೆ ಖಾಲಿ ಎಂದು ಕಣ್ಣಿನಿಂದ ನೋಡಿದೆ, ಬೆರಳು ಹಾಕಿ ನೋಡಿದೆ, ಮತ್ತೆ ಕಣ್ಣಿನಿಂದ ನೋಡಿದೆ. ಗೋಡೆಯ ಕಡೆ ಮೂತಿ ಮಾಡಿ ತಟ್ಟೆಯಲ್ಲಿಟ್ಟೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು.

"ಇಷ್ಟೇನಾ? ನಿಮ್ಮಜ್ಜಿ ಸಂಚಿನೇ ಇದಕ್ಕಿಂತ ದೊಡ್ಡದಿತ್ತು."

ಅರಿಶಿನ, ಕುಂಕುಮ, ಅಕ್ಷತೆ, ಒಂದು ಎಸಳು ಹೂವು. (ಎಣ್ಣೆಯ ಮೇಲೆ ಕೂತ ಕುಂಕುಮ ಒರೆಸಿದರೆ ಇನ್ನೂ ಹರಡುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಒಣಗಿಸಿ, ಸ್ಲೈಡಿನ ಗೀರುಗಳ ಉದ್ದಕ್ಕೆ ಉಜ್ಜಿ. ಸ್ಪ್ರಿಂಗಿನೊಳಗೆ ಹೋದ ಅಕ್ಷತೆಗೆ ಚಿಮುಟ ಬೇಕು. ಪೂರ್ತಿ ಬಿಚ್ಚಿ ತೊಳೆಯದೆ ಮತ್ತೆ ಗುಂಡು ತುಂಬಬೇಡಿ.)

ಮಂಗಳಾರತಿ ಆಯಿತು. ಇನ್ನು ದೃಷ್ಟಿ ತೆಗೆದು ಬೂದುಗುಂಬಳಕಾಯಿ ಒಡೆಯುವುದು ಬಾಕಿ. ನಮ್ಮ ಬಡಾವಣೆಯ ನಿಯಮಪುಸ್ತಕದಲ್ಲಿ ಮನೆಮುಂದಿನ ಕಾಂಕ್ರೀಟಿನ ಮೇಲೆ ಕಲೆ ಮಾಡಬಾರದೆಂದು ಬರೆದಿದೆ. ಪಿಸ್ತೂಲಿನ ಬಗ್ಗೆ ಒಂದು ಸಾಲೂ ಇಲ್ಲ. ಎದುರು ಮನೆಯ ಮುದುಕ ನಾಯಿ ಹಿಡಿದುಕೊಂಡು ನಿಂತು ನೋಡುತ್ತಿದ್ದ. ಅಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು, ಕಾರಿನ ಹಿಂದೆ ಮುಂದೆ ಹುಡುಕಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು:

"ಇಲ್ಲೇ ಇಟ್ಟಿದ್ದೆ. ಕುಂಬಳಕಾಯಿ ಯಾರೋ ತಗೊಂಡೋರು?"

ನನ್ನ ಕೈ ಸೊಂಟಕ್ಕೆ ಹೋಯಿತು. ಅಲ್ಲಿ ಪಂಚೆಯ ಗಂಟು ಮಾತ್ರ ಇತ್ತು.